ನಡುಗಡ್ಡೆಗೆ ಮರಳಿ ಹೋದವನು

ಬಂದರು ಅಧಿಕಾರಿ ಲೆಫ್ತೇರಿಸ್ ಅವರಿಗೆ,

ದೋಣಿಯ ಸ್ತಮಾತಿಸನ ಹೆಂಡತಿ ಅರ್ಗಿರೊ ಮಾಡುವ ನಮಸ್ಕಾರ.

ನಿನ್ನೆ ಮಧ್ಯಾಹ್ನ ನನ್ನ ಗಂಡ, ನಡುಗಡ್ಡೆಯ ಅಪೊಲೊ ದೇಗುಲ ನೋಡಲು, ಈಜಲು ಹೋಗಿದ್ದ ಪ್ರವಾಸಿಗರನ್ನು ಕರೆತಂದು ದಡಕ್ಕಿಳಿಸಿದ. ಎಣಿಸಿದರೆ ಒಬ್ಬರು ಕಡಿಮೆ. ಅಷ್ಟರಲ್ಲಿ ಬಡಗಣ ಗಾಳಿ ಎದ್ದಿತ್ತು. ಹೋಗಬೇಡವೆಂದು ತೋಳು ಹಿಡಿದೆ.

"ಆ ಮುದುಕಿ ಕಂಬಗಳ ಚಿತ್ರ ಬರೀತಾ ಅಲ್ಲೇ ಕೂತ್ಬಿಟ್ಟಿದಾಳೆ ಕಣೇ. ಬಿಟ್ಟು ಬರೋಕಾಗುತ್ತಾ? ನೀನು ಮೀನು ಹುರೀತಿರು, ಬಂದೆ," ಎಂದು ನಗುತ್ತಾ ಹೊರಟ.

ಆಕೆ ಮೊದಲೇ ಬೇರೆ ದೋಣಿಯಲ್ಲಿ ಮರಳಿ ಹೋಟೆಲಿನಲ್ಲಿ ಮಲಗಿದ್ದಳಂತೆ. ಸಂಜೆ ನಮ್ಮ ಬಾಗಿಲಿಗೆ ಬಂದು ನನ್ನ ಕೈ ಹಿಡಿದು ಅತ್ತಳು. ಅವಳ ಮಾತು ನನಗೆ ತಿಳಿಯದು. ಒಳಗೆ ಕೂರಿಸಿ ಕಾಫಿ ಕೊಟ್ಟೆ.

ರಾತ್ರಿ ಕಳೆದರೂ ನನ್ನ ಗಂಡ ಮರಳಲಿಲ್ಲ. ಈ ಬೆಳಗ್ಗೆ ಕಚೇರಿಗೆ ಬಂದಾಗ ನೀವು, "ಪ್ರವಾಸಿಗರೆಲ್ಲ ಕ್ಷೇಮವಾಗಿದಾರಮ್ಮ. ಗಾಳಿ ಇಳೀಲಿ, ಆಮೇಲೆ ನಿಮ್ಮವರನ್ನ ಹುಡುಕೋಣ," ಎಂದಿರಿ. ನಿಮ್ಮನ್ನು ದೂರುವುದಿಲ್ಲ. ನಿಮ್ಮ ಜನರಿಗೂ ಹೆಂಡತಿ ಮಕ್ಕಳಿದ್ದಾರೆ. ಆದರೆ ಈ ಗಾಳಿ ಒಮ್ಮೆ ಹಿಡಿದರೆ ವಾರವಾದರೂ ಇಳಿಯದು. ಅಲ್ಲಿಯವರೆಗೆ ನನ್ನಿಂದ ಕಾಯಲಾಗದು. ಮೈದುನ ಫೋತಿಸನ ಮೀನು ದೋಣಿಯಲ್ಲಿ ಅವನ ಜೊತೆ ನಾನೂ ಹೊರಟಿದ್ದೇನೆ. ಈ ಕಾಗದ ನಿಮ್ಮ ಕೈ ಸೇರುವಾಗ ಬಂದರು ದಾಟಿರುತ್ತೇವೆ.

ಎರಡು ಉಪಕಾರ ಬೇಡುತ್ತೇನೆ. ಅತ್ತೆಗೆ ಏನೂ ಹೇಳಬೇಡಿ. ಮಗ ಪಕ್ಕದ ದ್ವೀಪದಲ್ಲಿ ಉಳಿದಿದ್ದಾನೆ ಎಂದುಕೊಂಡಿದ್ದಾರೆ. ಇನ್ನು, ನಮಗಿಂತ ಮೊದಲು ಸ್ತಮಾತಿಸ್ ಬಂದರೆ, ಕೈಕಾಲು ಕಟ್ಟಿಯಾದರೂ ಕಚೇರಿಯಲ್ಲೇ ಕೂರಿಸಿಕೊಳ್ಳಿ. ನನ್ನನ್ನು ಹುಡುಕಲು ಅವನನ್ನು ಮತ್ತೆ ಕಡಲಿಗೆ ಬಿಡಬೇಡಿ.

ಇಂತಿ,
ಅರ್ಗಿರೊ