ಮೂರು ವರ್ಷಕ್ಕೆ ಎರಡು ಸಾಲು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8.20

ಮತ್ತೆ ಟೋಕನ್. ಆಫೀಸಿಗೆ ಇವತ್ತೂ ಮೊದಲು ಬಂದದ್ದು ನಾನೇ. ಕನ್ನಡಕದವರು ಬರುವುದರೊಳಗೆ ಒಂದು ಗಂಟೆ ನೆಮ್ಮದಿಯಾಗಿ ಕೆಲಸ ಮಾಡಬಹುದು. ಟೀಮಿಗೆ ಹಿರಿಯರು, ಒಳ್ಳೆಯವರು. ಆದರೆ ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ ಇಟ್ಟುಕೊಂಡು ಮೂರನೆಯದನ್ನು ನನ್ನ ಮೇಜಿನಲ್ಲಿ ಹುಡುಕುತ್ತಾರೆ.

ತಿಂಗಳ ಕೊನೆಗೆ ಆಸ್ಪತ್ರೆಯ ವರದಿ ಆ್ಯಪ್ ಹೊಸ ಆವೃತ್ತಿಗೆ ಹೋಗಬೇಕು. ಮೂಲ ಹಳೆಯದೇ. ರೋಗಿ ಲಾಗಿನ್ ಆದರೆ ಸರ್ವರ್ ಸಹಿ ಹಾಕಿದ ಒಂದು ಚೀಟಿ ಕೊಡುತ್ತದೆ. ಅದೇ ಟೋಕನ್. ಯಾರು, ಏನು ನೋಡಬಹುದು, ಎಷ್ಟು ಹೊತ್ತು — ಎಲ್ಲ ಅದರಲ್ಲೇ. ಹದಿನೈದು ನಿಮಿಷ ಆಯುಸ್ಸು. ನನಗೆ ಇಷ್ಟವಾದದ್ದು ಹೊಸ ಅನುಮತಿ ಪುಟ. ರೋಗಿ ತನ್ನ ಪಾಸ್‌ವರ್ಡ್ ಕೊಡದೆಯೇ ಮನೆಯವರಿಗೆ ವರದಿ ತೋರಿಸಬಹುದು. ಇಂಥವರಿಗೆ, ಇಷ್ಟು ದಿನ. ಬೇಡವೆನಿಸಿದರೆ ವಾಪಸ್. ಆ ಪುಟ ಬರೆದದ್ದು ನಾನು. ಜಂಬ ಇದೆ, ಇರಲಿ.

ಅಕ್ಕ ನಿನ್ನೆ ಫೋನ್ ಮಾಡಿದ್ದಳು. ದಿನಕ್ಕೆ ಎರಡು ಸಲ ಮಾಡುವವಳು, ಈಗ ಹತ್ತು ದಿನಕ್ಕೆ ಒಂದು ಸಲ. ಫೆಬ್ರವರಿಯಲ್ಲಿ ಅದೇ ಆಸ್ಪತ್ರೆಗೆ ಏನೋ ಟೆಸ್ಟಿಗೆ ಹೋಗಿದ್ದಳಲ್ಲ, ಏನಾಯಿತು ಎಂದು ಕೇಳಿದೆ. "ಎಲ್ಲಾ ನಾರ್ಮಲ್ ಕಣೇ," ಎಂದು ಫೋನ್ ಇಟ್ಟಳು. ಅಕ್ಕ ಎಂದೂ ಮಾತು ಅಷ್ಟು ಬೇಗ ಮುಗಿಸಿದವಳಲ್ಲ.

ಮಾರ್ಚ್ 5, ಬುಧವಾರ. ಮಧ್ಯಾಹ್ನ 1.15

ಊಟ ಸೇರಲಿಲ್ಲ.

ನನ್ನದೇ ಖಾತೆಯಿಂದ ಲಾಗಿನ್ ಆಗಿ ನನ್ನ ಥೈರಾಯ್ಡ್ ವರದಿ ತೆರೆದು ಪರೀಕ್ಷೆ ಮಾಡುತ್ತಿದ್ದೆ. ವೆಬ್ ಪುಟದ ವಿಳಾಸದ ಕೊನೆಯಲ್ಲಿ ವರದಿಯ ಸಂಖ್ಯೆ ಇರುತ್ತದೆ. ಒಂದು ಅಂಕಿ ಬದಲಿಸಿ ನೋಡಿದೆ, ತಡೆಯುತ್ತದೆಯೋ ಇಲ್ಲವೋ ಎಂದು. ತಡೆಯಲಿಲ್ಲ. ಯಾರೋ ಅರುವತ್ತು ದಾಟಿದ ಗಂಡಸಿನ ಸಕ್ಕರೆ ಪರೀಕ್ಷೆ ಕಣ್ಣ ಮುಂದೆ. ತಕ್ಷಣ ಮುಚ್ಚಿದೆ.

ಟೋಕನ್ ಸರಿಯಾಗಿದೆಯೇ ಎಂದಷ್ಟೇ ಸರ್ವರ್ ನೋಡುತ್ತಿದೆ. ಕೇಳಿದ ವರದಿ ಕೇಳಿದವರದೇ ಎಂದು ನೋಡುತ್ತಿಲ್ಲ. ಗೇಟಿನಲ್ಲಿ ಪಾಸ್ ತೋರಿಸಿ ಒಳಗೆ ಹೋದವನು ಯಾರ ಮಂಚದ ಪಕ್ಕದಲ್ಲಿ ಬೇಕಾದರೂ ಕೂರಬಹುದು ಎಂದ ಹಾಗೆ. ಯಾವ ಮಹಾನುಭಾವರು ಬರೆದದ್ದೋ ಎಂದು ಬೈದುಕೊಂಡು ಕೋಡ್ ತೆಗೆದೆ. ನನ್ನದೇ ಹೆಸರು. ಮೂರು ವರ್ಷ ಹಿಂದೆ. ಆ ಜಾಗದಲ್ಲಿ ನನ್ನದೇ ಟಿಪ್ಪಣಿ — "ಮಾಲೀಕರ ಚೆಕ್ ಇಲ್ಲಿ ಬರಬೇಕು. ಆಮೇಲೆ."

ಆಮೇಲೆ ಬರಲೇ ಇಲ್ಲ.

ಕನ್ನಡಕದವರು ಆಸ್ಪತ್ರೆಯ ಮೀಟಿಂಗಿನಲ್ಲಿ, ಬರುವುದು ಶುಕ್ರವಾರ. ಫೋನ್ ಮಾಡಬಹುದಿತ್ತು. ಎದುರಿಗೇ ಹೇಳೋಣ ಎಂದುಕೊಂಡೆ. ನಿಜ ಹೇಳಬೇಕೆಂದರೆ ನಾಚಿಕೆ.

ಮಾರ್ಚ್ 6, ಗುರುವಾರ. ಸಂಜೆ 7.00

ಆಫೀಸಿನಿಂದ ನೇರ ಅಕ್ಕನ ಮನೆಗೆ ಹೋದೆ. ಕೆನ್ನೆ ಒಳಗೆ ಹೋಗಿವೆ. "ಡಯಟ್" ಎಂದಳು. ಡಯಟ್ ಎನ್ನುವ ಪದ ಕೇಳಿದರೆ ನಗುತ್ತಿದ್ದವಳು. ಭಾವ ನನ್ನ ಕಣ್ಣು ತಪ್ಪಿಸಿ ಟಿ.ವಿ. ನೋಡುತ್ತಿದ್ದರು. ಟಿ.ವಿ. ಆಫ್ ಆಗಿತ್ತು.

ನೀರು ಕುಡಿಯಲು ಅಡುಗೆಮನೆಗೆ ಹೋದೆ. ಡಬ್ಬಿಗಳ ಹಿಂದೆ ಮಡಿಸಿಟ್ಟ ಆಸ್ಪತ್ರೆಯ ರಸೀದಿ. ಮುಟ್ಟಲಿಲ್ಲ. ಆದರೆ ಮೇಲ್ಗಡೆ ವರದಿಯ ಸಂಖ್ಯೆ ಕಾಣುತ್ತಿತ್ತು. ಹತ್ತು ಅಂಕಿ. ದಿನವಿಡೀ ಸಂಖ್ಯೆಗಳ ಜೊತೆ ಬದುಕುವವಳಿಗೆ ಒಂದು ಸಲ ಕಂಡದ್ದು ಸಾಕು, ಮರೆಯೋಣವೆಂದರೂ ಮರೆಯುವುದಿಲ್ಲ.

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ 7.50

ನೋಡಿದೆ.

ಎಡ ಸ್ತನ. ಕ್ಯಾನ್ಸರ್. ವರದಿಯ ತಾರೀಖು ಫೆಬ್ರವರಿ 18. ಅಮ್ಮನಿಗೆ ಬಂದದ್ದೇ.

ಅದೇ ದಿನ, ಬೆಳಿಗ್ಗೆ 11.30

ಹತ್ತು ಗಂಟೆಗೆ ಕನ್ನಡಕದವರಿಗೆ ದೋಷದ ಬಗ್ಗೆ ಹೇಳಿದೆ. ಅಕ್ಕನದು ಬಿಟ್ಟು. ಬೈಯುತ್ತಾರೆಂದುಕೊಂಡಿದ್ದೆ. "ತನ್ನ ತಪ್ಪು ತಾನೇ ಹುಡುಕಿ ಹೇಳೋರು ಕಡಿಮೆ ಮೇಡಂ," ಎಂದರು. ಬೆನ್ನು ತಟ್ಟಿಸಿಕೊಳ್ಳುವಾಗ ಭೂಮಿ ಬಾಯಿಬಿಡಬಾರದೇ ಅನಿಸಿತು. ಒಂದೂವರೆ ಗಂಟೆಯಲ್ಲಿ ಸರಿಪಡಿಸಿದೆ. ನಾಲ್ಕೇ ಸಾಲು. ಈಗ ಬೇರೆಯವರ ಸಂಖ್ಯೆ ಹಾಕಿದರೆ ಬಾಗಿಲು ಮುಚ್ಚುತ್ತದೆ, ಪರದೆಯ ಮೇಲೆ 403.

ನಾಲ್ಕು ಸಾಲು ಬೆಳಿಗ್ಗೆ ಏಳಕ್ಕೆ ಬರೆದಿದ್ದರೆ...

ಮಾರ್ಚ್ 10, ಸೋಮವಾರ. ಮಧ್ಯಾಹ್ನ 3.40

ಆಸ್ಪತ್ರೆಗೆ ಲೆಕ್ಕ ಒಪ್ಪಿಸಬೇಕು. ಈ ಕಿಂಡಿಯಿಂದ ಯಾರ್ಯಾರು ಯಾರ್ಯಾರ ವರದಿ ನೋಡಿದ್ದಾರೆ? ಮೂರು ವರ್ಷದ ಲಾಗ್ ಜಾಲಾಡಿ ಪಟ್ಟಿ ಮಾಡುವ ಕೆಲಸ ನನಗೇ ಬಂತು. "ನೀವೇ ಮಾಡಿ, ನಂಬಿಕೆ ಇರೋರು ಮಾಡ್ಬೇಕು," ಎಂದರು ಕನ್ನಡಕದವರು.

ಸಾವಿರಾರು ಇರಬಹುದೆಂದು ಹೆದರಿದ್ದೆ. ಇರಲಿ ಎಂದು ಆಸೆಯೂ ಇತ್ತು — ಗುಂಪಿನಲ್ಲಿ ನಾನೊಬ್ಬಳು ಕಾಣದೆ ಹೋಗುತ್ತೇನಲ್ಲ. ಹುಡುಕಾಟ ಎರಡು ಗಂಟೆ ಓಡಿತು. ಬಂದದ್ದು ಎರಡೇ ಸಾಲು.

ಮಾರ್ಚ್ 5, 12.52. ಮಾರ್ಚ್ 7, 7.41. ಎರಡೂ ನನ್ನ ಟೋಕನ್.

ಮೂರು ವರ್ಷ ಬಾಗಿಲು ತೆರೆದೇ ಇತ್ತು. ಲಕ್ಷಾಂತರ ಜನ ಮುಂದೆ ಹಾದುಹೋದರು. ಒಬ್ಬರೂ ಇಣುಕಲಿಲ್ಲ. ಇಣುಕಿದವಳು ಬಾಗಿಲು ಮಾಡಿದವಳೇ.

ಮಾರ್ಚ್ 11, ಮಂಗಳವಾರ. ಬೆಳಿಗ್ಗೆ 9.05

ಪಟ್ಟಿಯಲ್ಲಿ ಕಾರಣ ಎಂಬ ಒಂದು ಕಾಲಂ ಇದೆ. ಪರೀಕ್ಷೆಗಾಗಿ ಎಂದರೆ ಅಲ್ಲಿಗೆ ಮುಗಿಯಿತು. ಕಾರಣವಿಲ್ಲದೆ ಎಂದರೆ ಆಸ್ಪತ್ರೆ ಆ ರೋಗಿಗೆ ಪತ್ರ ಬರೆಯಲೇಬೇಕು — ನಿಮ್ಮ ವರದಿಯನ್ನು ಹಕ್ಕಿಲ್ಲದವರೊಬ್ಬರು ನೋಡಿದ್ದಾರೆ, ಇಂಥ ದಿನ, ಇಂಥ ಹೊತ್ತು.

ಎರಡಕ್ಕೂ "ಟೆಸ್ಟಿಂಗ್" ಎಂದು ಬರೆದೆ. ಕನ್ನಡಕದವರು ಓದದೆಯೇ ಸಹಿ ಹಾಕಿದರು.

ಮಾರ್ಚ್ 24, ಸೋಮವಾರ. ಬೆಳಿಗ್ಗೆ 6.30

ಹದಿಮೂರು ದಿನ ಈ ಪುಸ್ತಕ ಮುಟ್ಟಲಿಲ್ಲ. ಸುಳ್ಳು ಬರೆದ ಕೈಗೆ ಇಲ್ಲಿ ಬರೆಯಲು ಮುಖವಿರಲಿಲ್ಲ.

ನಿನ್ನೆ ಅಕ್ಕನ ಮನೆಯಲ್ಲಿದ್ದೆ. ತಲೆಗೆ ಸ್ಕಾರ್ಫ್. "ಕೂದಲು ತುಂಬಾ ಉದುರ್ತಿತ್ತು, ಚಿಕ್ಕದಾಗಿ ಕತ್ತರಿಸಿದೆ," ಎಂದಳು. ಚೆನ್ನಾಗಿದೆ ಎಂದೆ. ಶನಿವಾರ ಎಲ್ಲಿದ್ದೆ, ಫೋನ್ ಎತ್ತಲಿಲ್ಲ ಎಂದರೆ, ಗೆಳತಿಯ ಮನೆ ಎಂದಳು. ಹೌದಾ ಎಂದೆ. ಭಾವನ ಕಣ್ಣು ಕೆಂಪಗಿದ್ದವು. ಆಸ್ಪತ್ರೆಯ ಬೆಂಚಿನಲ್ಲಿ ಒಬ್ಬರೇ ಕೂತು ಬಂದ ಕಣ್ಣು. ಮುಂದಿನ ಸಲ ನಾನು ಕೂರುತ್ತೇನೆ ಭಾವ ಎನ್ನಲು ಬಾಯಿ ತೆರೆದೆ. ಮುಚ್ಚಿದೆ. ನನಗೆ ಹೇಗೆ ಗೊತ್ತು?

ಎಲ್ಲ ಗೊತ್ತಿದೆ. ಯಾವುದೂ ಉಪಯೋಗಕ್ಕಿಲ್ಲ. ಅವಳು ಹೇಳದ್ದನ್ನು ನಾನು ತಿಳಿದಿದ್ದೇನೆ, ಅದಕ್ಕೇ ಅವಳ ಕೈ ಹಿಡಿಯಲಾರೆ. ಕೇಳುವ ಪ್ರತಿ ಪ್ರಶ್ನೆಯೂ ನಾಟಕವಾಗುತ್ತದೆ. ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿ ಜಡೆ ಹೆಣೆದು ಶಾಲೆಗೆ ಕಳಿಸಿದವಳು. ಅವಳ ಬೋಳುತಲೆಯ ಮುಂದೆ ನಾನು ಸುಳ್ಳು ನಗು ನಕ್ಕು ಬಂದೆ.

ಇವತ್ತು ಹೇಳುತ್ತೇನೆ. ಆ ಪಟ್ಟಿಯನ್ನೂ ತಿದ್ದುತ್ತೇನೆ. ಆದರೆ ಆಸ್ಪತ್ರೆಯ ಪತ್ರ ಹೋಗುವ ಮೊದಲು ನಾನೇ ಹೋಗಬೇಕು.

ಅದೇ ದಿನ, ಸಂಜೆ 7.45

ಅಕ್ಕ ಬಟ್ಟೆ ಮಡಿಸುತ್ತಿದ್ದಳು. ಭಾವ ಔಷಧಿ ಅಂಗಡಿಗೆ ಹೋಗಿದ್ದರು. ನಿಂತೇ ಹೇಳಿದೆ.

"ನಿನ್ನ ರಿಪೋರ್ಟ್ ನೋಡಿದೀನಿ ಅಕ್ಕ. ಹದಿನೇಳು ದಿನ ಆಯ್ತು."

"ಇವರು ತೋರಿಸಿದ್ರಾ?"

"ಇಲ್ಲ. ಕದ್ದು ನೋಡಿದೆ. ಆಫೀಸಿಂದ."

ಕೈಯಲ್ಲಿದ್ದ ಟವೆಲ್ ಮಡಿಸಿ ಮುಗಿಸಿದಳು. ಇನ್ನೊಂದು ತೆಗೆದುಕೊಂಡಳು.

"ಅಮ್ಮನ ಆಸ್ಪತ್ರೆ ಕಾಗದ ನಿನ್ನ ಕೈಲೇ ಓದಿಸಿದ್ವಲ್ಲ, ನೆನಪಿದೆಯಾ ಪುಟ್ಟಿ? ಹನ್ನೆರಡು ವರ್ಷ ನಿಂಗೆ. ಮನೇಲಿ ಚೆನ್ನಾಗಿ ಓದೋಳು ನೀನೇ ಅಂತ. ಅರ್ಥ ಗೊತ್ತಿಲ್ದೆ ಪಾಠ ಓದೋ ಹಾಗೆ ಗಟ್ಟಿಯಾಗಿ ಓದ್ತಾ ಹೋದೆ. ಇನ್ನೊಂದು ಸಲ ಇವಳ ಕೈಗೆ ಅಂಥ ಕಾಗದ ಹೋಗ್ಬಾರ್ದು ಅಂತ ಅವತ್ತೇ ಅಂದ್ಕೊಂಡಿದ್ದೆ."

"ನಾನು ಕೇಳಿದ್ದೆ ಅಕ್ಕ. ನೀನು ನಾರ್ಮಲ್ ಅಂದೆ."

"ಎರಡನೇ ಸಲ ಕೇಳ್ಬೇಕಿತ್ತು. ನಾನೇನು ಕಲ್ಲಾ? ಎರಡನೇ ಸಲ ಕೇಳಿದ್ರೆ ಹೇಳ್ಬಿಡ್ತಿದ್ದೆ." ದನಿ ಆಗ ಒಡೆಯಿತು. "ಅಷ್ಟೊಂದು ಕಷ್ಟ ಆಯ್ತಾ ಕೇಳೋಕೆ? ಮಷೀನನ್ನ ಕೇಳಿದ್ಯಲ್ಲೇ."

ಮಡಿಸದ ಒಂದು ಬಟ್ಟೆ ಎತ್ತಿಕೊಂಡೆ. ನನ್ನ ಕೈಯಿಂದ ಅದನ್ನು ತೆಗೆದುಕೊಂಡಳು.

"ಹೋಗು ಈಗ. ನಾನಾಗಿ ಕರೆಯೋವರೆಗೂ ಬರ್ಬೇಡ."

ಮೆಟ್ಟಿಲಿಳಿಯುವಾಗ ಭಾವ ಎದುರಾದರು. ಮುಖ ನೋಡಿಯೇ ತಿಳಿಯಿತು ಅವರಿಗೆ. ಬದಿಗೆ ಸರಿದು ದಾರಿ ಬಿಟ್ಟರು.

ಮಾರ್ಚ್ 25, ಮಂಗಳವಾರ. ಮಧ್ಯಾಹ್ನ 12.10

ಪಟ್ಟಿ ತಿದ್ದಿದೆ. ಎರಡನೇ ಸಾಲು — "ಕಾರಣವಿಲ್ಲದೆ." ಕನ್ನಡಕದವರ ಮುಂದೆ ಇಟ್ಟೆ. ಈ ಸಲ ಓದಿದರು. ಎರಡೂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರು ಇವರು?"

"ನಮ್ಮ ಅಕ್ಕ."

ಪಟ್ಟಿಯ ಮೇಲೆ ಕೈ ಇಟ್ಟರು. "ನಿಮ್ಮ ಆಕ್ಸೆಸ್ ಎಲ್ಲಾ ಈಗಲೇ ತೆಗೀಬೇಕಾಗತ್ತೆ ಮೇಡಂ. ಆಸ್ಪತ್ರೆಯವರು ಏನಂತಾರೋ ನೋಡೋಣ. ನಂಗೆ ಬೇಜಾರಾಯ್ತು. ಮಾಡಿದ್ದಕ್ಕಲ್ಲ... ಅದಕ್ಕೂ ಹೌದು. ನನ್ನ ಕೈಲಿ ಸುಳ್ಳಿಗೆ ಸಹಿ ಹಾಕಿಸಿದ್ರಲ್ಲ."

ಈ ಮಾತು ಬಹಳ ನೋಯಿಸಿತು. ನೋಯಿಸಬೇಕಾದದ್ದೇ.

ಸೀಟಿಗೆ ಬಂದು ಪುಟ ತೆರೆದೆ. 401. ನೀನು ಯಾರೋ ಗೊತ್ತಿಲ್ಲ ಎಂದರ್ಥ. 403 ಬೇರೆ — ನೀನು ಯಾರೆಂದು ಚೆನ್ನಾಗಿ ಗೊತ್ತು, ಆದರೂ ನಿನಗೆ ಹಕ್ಕಿಲ್ಲ. ಆ ಶುಕ್ರವಾರ ನನಗೆ ಬರಬೇಕಿದ್ದದ್ದು ಅದು. ತಂಗಿಯೆಂದು ಎಲ್ಲರಿಗೂ ಗೊತ್ತು. ಆದರೂ.

ಏಪ್ರಿಲ್ 8, ಮಂಗಳವಾರ. ಬೆಳಿಗ್ಗೆ 10.00

ಹದಿನಾಲ್ಕು ದಿನ. ಕೆಲಸ ಉಳಿಯುತ್ತದೋ ಇಲ್ಲವೋ ಇನ್ನೂ ಹೇಳಿಲ್ಲ. ಮನೆಯಲ್ಲಿದ್ದೇನೆ. ಪಾತ್ರೆ ಉಜ್ಜಿದ್ದನ್ನೇ ಉಜ್ಜುತ್ತೇನೆ. ಪತ್ರ ಅಕ್ಕನಿಗೆ ಕಳೆದ ವಾರವೇ ತಲುಪಿರಬೇಕು. ಫೋನಿಲ್ಲ. ನಾನೂ ಮಾಡಿಲ್ಲ. ಬರಬೇಡ ಎಂದಿದ್ದಾಳೆ, ಆ ಮಾತನ್ನಾದರೂ ಮೀರಬಾರದು.

ಅದೇ ದಿನ, ಸಂಜೆ 5.20

ಫೋನಿಗೆ ಆಸ್ಪತ್ರೆಯ ಆ್ಯಪ್‌ನಿಂದ ಸಂದೇಶ. ನಾನೇ ಬರೆದ ಪುಟ, ನಾನೇ ಆರಿಸಿದ ಪದಗಳು. ಈ ತುದಿಯಿಂದ ಎಂದೂ ಓದಿರಲಿಲ್ಲ.

"ರೋಗಿಯೊಬ್ಬರು ತಮ್ಮ ವರದಿ ನೋಡಲು ನಿಮಗೆ ಅನುಮತಿ ನೀಡಿದ್ದಾರೆ. ಸಂಬಂಧ: ತಂಗಿ. ಅವಧಿ: ಒಂದು ದಿನ. ಆರಂಭ: ಏಪ್ರಿಲ್ 9."

ಅದರ ಹಿಂದೆಯೇ ಅಕ್ಕನ ಫೋನ್. "ನಾಳೆ ಹತ್ತೂವರೆಗೆ ಆಸ್ಪತ್ರೆಗೆ ಬಾ. ಗಡ್ಡೆ ಕರಗಿದೆಯೋ ಇಲ್ವೋ ಅಂತ ಸ್ಕ್ಯಾನ್ ಆಗಿದೆ, ರಿಪೋರ್ಟ್ ನಾಳೆ. ಒಂದು ದಿನ ಅಷ್ಟೇ ಕೊಟ್ಟಿದೀನಿ, ನೋಡ್ಕೋ."

"ಸಾಕು ಅಕ್ಕ," ಎಂದೆ. ಅತ್ತುಬಿಟ್ಟೆ. ಅವಳಿಗೆ ಕೇಳಿಸಿತು, ಫೋನ್ ಇಡಲಿಲ್ಲ.

ಏಪ್ರಿಲ್ 9, ಬುಧವಾರ. ಬೆಳಿಗ್ಗೆ 10.50

ಆಸ್ಪತ್ರೆ, ಎರಡನೇ ಮಹಡಿ, ಬೆಂಚು. ಭಾವ ಪಕ್ಕದಲ್ಲಿ ಕೂತಲ್ಲೇ ತೂಕಡಿಸುತ್ತಿದ್ದಾರೆ. ಅಕ್ಕ ರಕ್ತ ಕೊಡಲು ಒಳಗೆ ಹೋಗಿದ್ದಾಳೆ. ವರದಿ ಬಂದಿದೆ — ಫೋನಿನಲ್ಲಿ, ಒಂದು ಬೆರಳಿನ ದೂರದಲ್ಲಿ. ಅನುಮತಿ ಇದೆ. ಟೋಕನ್ ಸರಿಯಾಗಿದೆ. ಎಲ್ಲ ಹಕ್ಕೂ ಇದೆ.

ತೆರೆದಿಲ್ಲ.

ಅಕ್ಕ ಬಂದಳು. ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಳು. ಏನು ಬರೀತಿದೀಯಾ ಎಂದು ಇಣುಕಿದಳು, ತಾನಾಗಿಯೇ ಮುಖ ತಿರುಗಿಸಿಕೊಂಡಳು. "ನೋಡಿದ್ಯಾ?" ಎಂದಳು. ಇಲ್ಲ ಎಂದೆ. ನನ್ನ ಕೈ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. "ಓದು ಹಾಗಾದ್ರೆ. ಗಟ್ಟಿಯಾಗೇ ಓದು. ಈಗ ಅರ್ಥ ಆಗತ್ತಲ್ಲ ನಿಂಗೆ."

ಎಡಗೈ ಅವಳ ಹತ್ತಿರ. ಪೆನ್ನು ಕೆಳಗಿಟ್ಟರೆ ತಾನೇ ಫೋನ್ ಎತ್ತಲು ಕೈ ಸಿಗುವುದು. ಇಡುತ್ತೇನೆ.