ಗ್ರಹಣದ ದಿನ ಹೆಚ್ಚಿದ ಉಳ್ಳಾಗಡ್ಡಿ

ಐನಾಪುರ
29 ಅಕ್ಟೋಬರ್ 1995

ಚಿ. ಸುಂದರಾಳಿಗೆ,

ಅವ್ವನ ಮನಸಾರೆ ಆಶೀರ್ವಾದ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ದ್ರಾಕ್ಷಿ ಬಳ್ಳಿ ಸವರುವ ಕೆಲಸವಿತ್ತೆಂದು ನೆಪ ಹೇಳಬಹುದು. ನಿಜವೆಂದರೆ, ದಿನಾ ಡೈರಿಯಲ್ಲಿ ನಾಲ್ಕು ಸಾಲು ಗೀಚುವ ನನಗೆ ಈ ಉತ್ತರ ಮಾತ್ರ ಬರೆಯಲಾಗಲಿಲ್ಲ.

ನಿನ್ನ ಪತ್ರವನ್ನು ಅಪ್ಪನಿಗೂ ಓದಿ ಹೇಳಿದೆ. ಚಿಕ್ಕೋಡಿಯ ನಿಮ್ಮ ಕಾಲೇಜಿಗೆ ಭಾಷಣಕ್ಕೆ ಬಂದ ಆ ಪ್ರೊಫೆಸರು, ಜೀವವಿಕಾಸ ಬರೀ ಊಹೆ, ಕಣ್ಣಿನಂಥ ಕಣ್ಣು ತಾನಾಗಿ ಆಗಲಾರದು, ಯಾವುದೋ ಮಹಾಬುದ್ಧಿ ಒಂದೂ ತಪ್ಪಿಲ್ಲದೆ ನಕ್ಷೆ ಹಾಕಿದೆ, ಇದನ್ನೂ ವಿಜ್ಞಾನವೆಂದೇ ಕಲಿಸಬೇಕು ಎಂದದ್ದು. ನೀನು ಎದ್ದು ನಿಂತು, “ಹಂಗಾದ್ರ ನನ್ನ ತಮ್ಮನ ಸೀಳುತುಟಿ ನಕ್ಷಾ ಯಾರು ಹಾಕಿದ್ರಿ, ಸರ್?” ಎಂದು ಕೇಳಿದ್ದು. ಈಗ ಪ್ರಿನ್ಸಿಪಾಲ ತಾತ್ಯಾಸಾಹೇಬರು ಕ್ಷಮಾಪಣೆ ಬರೆದುಕೊಡು, ಇಲ್ಲವಾದರೆ ನೌಕರಿ ಕಾಯಂ ಆಗುವುದಿಲ್ಲ ಎನ್ನುತ್ತಿರುವುದು.

“ಒಂದು ಸಾಲು ಬರದು ಕೊಟ್ರ ಕೈ ಸವೀತೈತೇನ?” ಎಂದ ಅಪ್ಪ. “ಮಂಗ್ಯಾನಿಂದ ಮನಷ್ಯಾ ಆದನೋ ಬಿಟ್ಟನೋ, ಪಗಾರ ಬಂದ್ರ ಸಾಕು.”

ನಾನು ಏಳನೆಯ ಇಯತ್ತೆ ಕಲಿತವಳು. ಪ್ರೊಫೆಸರ ಜೊತೆ ವಾದ ಮಾಡಲಾರೆ. ಆದರೆ ನೀನು ಎಂ.ಎಸ್ಸಿ. ಓದುವಾಗ ಒಲೆಯ ಮುಂದೆ ಕೂತು ಹೇಳಿದ್ದು ನೆನಪಿದೆ. ಹೊಟ್ಟೆಯಲ್ಲಿ ಕೂಸಿನ ಮುಖ ಒಮ್ಮೆಲೇ ಆಗುವುದಿಲ್ಲ, ಎರಡೂ ಕಡೆಯಿಂದ ಬೆಳೆದು ಬಂದು ನಡುವೆ ಕೂಡುತ್ತದೆ, ಮೀನಿನ ಕಾಲದಿಂದ ಬಂದ ರೀತಿ ಅದು, ಒಮ್ಮೊಮ್ಮೆ ಕೂಡದೆ ಉಳಿಯುತ್ತದೆ ಎಂದಿದ್ದೆ. ತುಟಿ ಎರಡನೆಯ ತಿಂಗಳಲ್ಲೇ ಆಗಿಬಿಡುತ್ತದೆ ಎಂದೂ ಹೇಳಿದ್ದೆ. ಎಂಬತ್ತರ ಗ್ರಹಣದ ದಿನ ನಿನ್ನ ತಮ್ಮ ಹೊಟ್ಟೆಯಲ್ಲಿ, ನನಗೆ ಏಳು ತಿಂಗಳು. ಅಂದು ನಾನು ಬದನೆಕಾಯಿ ಹೆಚ್ಚಿದ್ದಕ್ಕೇ ಅವನ ತುಟಿ ಸೀಳಿತೆಂದು ನಿನ್ನ ಅಜ್ಜಿ ಸಾಯುವವರೆಗೂ ಅಂದಳು. ನಾನೂ ನಂಬಿದ್ದೆ. ಯಾರೋ ಬೇಕೆಂದೇ ಹಾಗೆ ಮಾಡಿದರು ಅನ್ನುವುದಕ್ಕಿಂತ, ಯಾರೂ ಮಾಡಲಿಲ್ಲ ಅನ್ನುವುದು ನನಗೆಷ್ಟು ಸಮಾಧಾನವೆಂದು ನಿಮ್ಮ ಪ್ರೊಫೆಸರಿಗೆ ಏನು ಗೊತ್ತು?

ಮೊನ್ನೆ ಮಂಗಳವಾರ, ಹಬ್ಬದ ನಡುವೆಯೇ ಮತ್ತೆ ಗ್ರಹಣ ಬಂತು. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ನಾನು ಈಳಿಗೆ, ಉಳ್ಳಾಗಡ್ಡಿ ಬುಟ್ಟಿ ತಂದು ಕಟ್ಟೆಯ ಮೇಲೆ ಕೂತೆ. ನನ್ನ ಸೊಸೆ, ನಿನ್ನ ವೈನಿ ಗಿರಿಜವ್ವ, ಐದು ತಿಂಗಳ ಬಸುರಿ, ಹೊಸ್ತಿಲಲ್ಲಿ ನಿಂತು, “ಅತ್ತಿ, ನಾನೂ ಹೆಚ್ಚಲ್ಯಾ?” ಎಂದಳು. ನಾನು ಈಳಿಗೆಯನ್ನು ಒಮ್ಮೆ ನನ್ನತ್ತ ಎಳೆದುಕೊಂಡೆ. ಆದರೂ ಸರಿದು ಜಾಗ ಕೊಟ್ಟೆ.

ಎದುರುಮನೆಯ ಸಕ್ಕುಬಾಯಿ ಕಿಟಕಿಯಿಂದಲೇ ಕೂಗಿದಳು: “ಅಕ್ಕುತಾಯಿ, ತಲಿ ಕೆಟ್ಟೈತೇನ ಬೇ? ಬಸುರಿ ಕೈಯಾಗ ಈಳಗಿ ಕೊಟ್ಟೀಯಲ್ಲ!”

“ತಲಿ ಈಗ ನೆಟ್ಟಗಾಗೈತಿ. ಬಾ, ನೀನೂ ಉಳ್ಳಾಗಡ್ಡಿ ಹೆಚ್ಚು. ಅತ್ರ ಯಾಕಂತ ಯಾರೂ ಕೇಳಾಂಗಿಲ್ಲ.”

ಅವಳು ಕಿಟಕಿ ಹಾಕಿಕೊಂಡಳು. ಗಿರಿಜವ್ವ ಬಿದ್ದು ಬಿದ್ದು ನಕ್ಕಳು. ಅಷ್ಟರಲ್ಲಿ ಅಪ್ಪ ಹೊರಗೆ ಬಂದ. ಬೈಯುತ್ತಾನೆ ಅಂದುಕೊಂಡೆ. ಬಂದು ಪಕ್ಕದಲ್ಲಿ ಕೂತು ಸಿಪ್ಪೆ ಸುಲಿಯತೊಡಗಿದ. ನಾಲ್ಕು ಗಡ್ಡೆ ಸುಲಿದ ಮೇಲೆ, “ಮಿರಜ ಬಸ್ಸು ಈಗೂ ಊರ ಅಗಸಿ ಮುಂದ ನಿಲ್ಲತೈತೇನ?” ಎಂದ. ನಾನು ಹೂಂ ಅಂದೆ.

ಕ್ಷಮಾಪಣೆ ಬರೆಯಬೇಡ, ಸುಂದರಾ. ನೌಕರಿ ಹೋದರೆ ಹೋಗಲಿ, ರಾಯಬಾಗದಲ್ಲೋ ನಿಪ್ಪಾಣಿಯಲ್ಲೋ ಹುಡುಕೋಣ. ಅಷ್ಟು ಜನರ ಮುಂದೆ ತಮ್ಮನ ಮಾತು ಎತ್ತಿದ್ದಕ್ಕೆ ನನ್ನ ಕ್ಷಮೆಯನ್ನೂ ಕೇಳಿದ್ದೀಯಲ್ಲ, ಅದನ್ನೂ ಕೇಳಬೇಡ. ಇಷ್ಟು ವರ್ಷದಲ್ಲಿ ನಾಲ್ಕು ಜನರೆದುರು ಅವನನ್ನು ನಮ್ಮವನೆಂದವಳು ನೀನೊಬ್ಬಳೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ತಲೆ ಎತ್ತಿಕೊಂಡೇ ಕಾಲೇಜಿಗೆ ಹೋಗು. ನನ್ನ ಆಶೀರ್ವಾದ ನಿನ್ನ ಬೆನ್ನಿಗಿದೆ.

ನಿನ್ನ ಅವ್ವ,
ಅಕ್ಕುತಾಯಿ

ತಾ.ಕ.: ಹಾಲು ಕುಡಿಯಲಾಗದೆ ತಮ್ಮ ಹೋದ ಎಂದಷ್ಟೇ ನಿನಗೆ ಹೇಳಿದ್ದೆವು. ಮಿರಜಿನ ಡಾಕ್ಟರು, “ಚಮಚೆಲೆ ಹಾಲು ಹಾಕ್ರಿ, ಮೂರು ತಿಂಗಳಿಗೆ ಕರಕೊಂಡು ಬರ್ರಿ, ತುಟಿ ಹೊಲದು ಕೊಡ್ತೀನಿ” ಎಂದಿದ್ದರು. “ದೇವರು ಮಾಡಿದ ಮಾರಿ ತಿದ್ದಾಕ ನೀವ್ಯಾರು?” ಎಂದು ನಿನ್ನ ಅಜ್ಜಿ ಚಮಚೆ ಕಸಿದಿಟ್ಟಳು. ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಮೊನ್ನೆ ಅವನು ಕೇಳಿದ್ದು ಆ ಬಸ್ಸನ್ನೇ. ಗಿರಿಜವ್ವನ ಕೂಸು ಹೇಗೇ ಹುಟ್ಟಲಿ, ಈ ಸಲ ನಾನು ಯಾರನ್ನೂ ಕೇಳುವುದಿಲ್ಲ.