ಐದನೇ ಸೆಟ್ಟಿನಲ್ಲಿ ಟಿವಿ ಆರಿದ್ದು

ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅತ್ತಿಗೆಗೆ,

ನಿಮ್ಮ ನಾದಿನಿಯ ನಮಸ್ಕಾರ. ನಾನಿಲ್ಲಿ ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ಜ್ವರಗಿರ ಏನೂ ಇಲ್ಲ, ಗಾಬರಿಯಾಗಬೇಡಿ. ಊಟ ಸೇರುತ್ತಿಲ್ಲ, ಅಷ್ಟೇ. ದಿನಾ ಫೋನಿನಲ್ಲಿ ಅರ್ಧ ಗಂಟೆ ನಿಮ್ಮ ತಲೆ ತಿನ್ನುವವಳು ಇವತ್ತೇಕೆ ಕಾಗದ ಬರೆದಳು ಎಂದು ಆಶ್ಚರ್ಯವಾಗಬಹುದು. ಶುಕ್ರವಾರದಿಂದ ನಾಲ್ಕು ಸಲ ಹೇಳಲು ಹೊರಟೆ, ನಾಲ್ಕು ಸಲವೂ ಊಟ ಆಯ್ತಾ ಎಂದು ಕೇಳಿ ಫೋನ್ ಇಟ್ಟುಬಿಟ್ಟೆ. ನಮ್ಮ ಜೊತೆ ತರಬೇತಿಗೆ ಬಂದಿದ್ದ ಫೋರ್‌ಮನ್ ನಾಳೆ ಊರಿಗೆ ಹೊರಟಿದ್ದಾರೆ. ಗುರುವಾರ ಮನೆಗೇ ಬಂದು ಇದನ್ನು ನಿಮ್ಮ ಕೈಗೆ ಕೊಡುತ್ತಾರೆ.

ವಿಷಯ ಇಷ್ಟು. ಶುಕ್ರವಾರ ವಾಲಿಬಾಲ್ ಸೆಮಿಫೈನಲ್ ನಡುವೆ ಟಿವಿ ಆರಿಸಿದ್ದು ನೀವಲ್ಲ. ನಾನು.

ಇಲ್ಲಿಂದ ಆಟ ನೋಡುವ ನಮ್ಮ ಆಪ್ ತೆರೆದರೆ, ನೀವಿರುವ ದೇಶದಲ್ಲಿ ಈ ಕಾರ್ಯಕ್ರಮ ಸಿಗುವುದಿಲ್ಲ ಎಂದು ಬರುತ್ತಿದ್ದದ್ದು ನಿಮಗೆ ಗೊತ್ತು. ಹಾಗಾಗಿ ಮೊದಲ ನಾಲ್ಕು ಪಂದ್ಯಗಳನ್ನು ನೀವೇ ಪಾಯಿಂಟ್ ಪಾಯಿಂಟಾಗಿ ನನಗೆ ಹೇಳಿದಿರಿ. ನಾಲ್ಕರಲ್ಲೂ ನಿಮ್ಮ ಮಗಳು, ನಮ್ಮ ಜಿರಾಫೆ, ಬೆಂಚಿನ ಮೇಲೇ ಇದ್ದಳು. ನನ್ನ ಮಗಳು ಎಲ್ಲರಿಗೂ ನೀರಿನ ಬಾಟಲಿ ಹಂಚೋದನ್ನ ಮಾತ್ರ ಟಿವಿಯಲ್ಲಿ ತೋರಿಸ್ತಾರೆ ಕಣೆ ಅಂತ ನಗುತ್ತಾ ಹೇಳಿದಿರಿ. ಎಂಟು ವರ್ಷ ಬೆಳಗಿನ ಐದಕ್ಕೆ ಎದ್ದು ಅವಳನ್ನು ಸ್ಕೂಟರಿನಲ್ಲಿ ಮೈದಾನಕ್ಕೆ ಬಿಟ್ಟು ಬಂದವರು ನೀವು. ಆ ನಗು ಎಂಥದ್ದು ಅಂತ ನನಗೆ ತಿಳಿಯದೇ?

ಶುಕ್ರವಾರ ಊಟದ ಬಿಡುವಿನಲ್ಲಿ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕೂತಿದ್ದೆ. ಬೆಳಗಿನಿಂದ ಲಿಫ್ಟಿನ ಬಾಗಿಲು ಬಿಚ್ಚಿ ಜೋಡಿಸಿ ಕೈಯೆಲ್ಲ ಗ್ರೀಸು. ನನ್ನ ಕೋಣೆಯಲ್ಲೇ ಇರುವ ವೆಲ್ಡರ್ ಹುಡುಗಿ ಫೋನಿಗೆ ಇನ್ನೊಂದು ಆಪ್ ಹಾಕಿಕೊಟ್ಟಳು. ಇದನ್ನ ಹಾಕಿದ್ರೆ ನೀನು ಊರಲ್ಲೇ ಇದೀಯ ಅಂತ ಅದು ನಂಬುತ್ತೆ ನೋಡು ಅಂದಳು. ನಂಬಿತು. ಆದರೆ ನಮ್ಮದು ಒಂದೇ ಪರದೆಯ ಚಂದಾ. ಈ ಖಾತೆಯಲ್ಲಿ ಈಗಾಗಲೇ ಒಂದು ಕಡೆ ನೋಡುತ್ತಿದ್ದಾರೆ, ಅದನ್ನು ನಿಲ್ಲಿಸಿ ಇಲ್ಲಿ ನೋಡುವಿರಾ ಎಂದು ಕೇಳಿತು. ಅಣ್ಣ ಬಸ್ ಡಿಪೋದಲ್ಲಿ ಫೋನ್ ಹಚ್ಚಿಟ್ಟು ಮರೆತಿರಬೇಕು ಅಂದುಕೊಂಡೆ. ಹೌದು ಎಂದು ಒತ್ತಿದೆ.

ಐದನೇ ಸೆಟ್, ಆರು ಎಂಟು. ಅಲ್ಲಿಂದ ಕೊನೆಯವರೆಗೆ ನೋಡಿದೆ. ಹನ್ನೊಂದು ಹದಿಮೂರಾದಾಗ ಕೋಚ್ ಬೆಂಚಿನ ಕಡೆ ತಿರುಗಿ ನಮ್ಮ ಜಿರಾಫೆಯನ್ನು ಸರ್ವ್ ಮಾಡಲು ಕಳಿಸಿದರು. ಒಂದರ ಹಿಂದೆ ಒಂದು ನಾಲ್ಕು ಸರ್ವ್, ನಾಲ್ಕೂ ಪಾಯಿಂಟ್. ನಾನು ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದ್ದಕ್ಕೆ ಸೂಪರ್‌ವೈಸರ್ ಓಡಿಬಂದರು. ಯಾರಿಗೋ ಕರೆಂಟ್ ಹೊಡೆಯಿತು ಅಂದುಕೊಂಡರಂತೆ.

ಅದೇ ಹೊತ್ತಿಗೆ ನಮ್ಮ ಮನೆಯಲ್ಲಿ ಏನು ನಡೆಯಿತೆಂದು ನೀವು ಹೇಳಿದ ಮೇಲೆಯೇ ತಿಳಿದದ್ದು. ಹಾಲ್ ತುಂಬಾ ಜನ, ಅಪ್ಪ ಎಂದಿನಂತೆ ಕುರ್ಚಿಯ ತುದಿಯಲ್ಲಿ ಕೂತು ಪರದೆಯ ರೆಫ್ರಿಗಿಂತ ಮೊದಲೇ ಕೈ ಎತ್ತಿ ತೀರ್ಪು ಕೊಡುತ್ತಿದ್ದಾರೆ. ನೀವು ಟೀಪಾಯಿ ಒರೆಸಲು ರಿಮೋಟ್ ಎತ್ತಿ ಪಕ್ಕಕ್ಕಿಟ್ಟಿರಿ. ಅದೇ ಗಳಿಗೆಗೆ ಆಟ ಮಾಯವಾಗಿ, ಲಾಗಿನ್ ಆಗಿ ಅಂತ ಬಂತು. ಎಲ್ಲರ ಕಣ್ಣೂ ನಿಮ್ಮ ಕೈ ಮೇಲೆ. ಲಾಗಿನ್ ಆಗಲು ಬೇಕಾದ ಕೋಡ್ ಬರುವುದು ನನ್ನ ನಂಬರಿಗೆ. ಆಟ ಮುಗಿಯುವವರೆಗೆ ನಾನು ಆ ಕೋಡನ್ನಾಗಲಿ ನಿಮ್ಮ ಕರೆಗಳನ್ನಾಗಲಿ ನೋಡಲಿಲ್ಲ. ಅಷ್ಟರಲ್ಲಿ ಮುಗಿದೇ ಹೋಗಿತ್ತು. ಆಮೇಲೆ ಹಾಕಿದ ತುಣುಕಿನಲ್ಲಿ ಕೊನೆಯ ಒಂದೇ ಪಾಯಿಂಟ್ ಇದೆ, ಅದರಲ್ಲೂ ಅವಳ ಬೆನ್ನು ಮಾತ್ರ ಕಾಣುತ್ತದೆ.

ಇಪ್ಪತ್ತೆರಡು ವರ್ಷ ವಾಲಿಬಾಲ್ ರೆಫ್ರಿಯಾಗಿದ್ದ ಮನುಷ್ಯ, ಮೊಮ್ಮಗಳ ಆಟ ತಪ್ಪಿದ್ದಕ್ಕೆ ಅಷ್ಟು ಜನರ ಮುಂದೆ ನಿಮ್ಮನ್ನು ಬಾಯಿಗೆ ಬಂದಂತೆ ಅಂದರಂತೆ. ರಿಮೋಟನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರಂತೆ. ಹೆತ್ತ ತಾಯಿಗೆ ತಪ್ಪಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಆ ಸಂಜೆ ನೀವು ಫೋನ್ ಮಾಡಿ, ನಾನೇ ಏನೋ ಒತ್ತಿಬಿಟ್ಟೆ ಅನ್ಸುತ್ತೆ ಕಣೆ, ನನ್ನ ಕೈಗೆ ಬೆಂಕಿ ಬೀಳ ಅಂತ ಅತ್ತಿರಿ. ಆಗ ನಾನು ಏನೆಂದೆ, ನೆನಪಿದೆಯಾ? ಹೋಗ್ಲಿ ಬಿಡಿ ಅತ್ತಿಗೆ, ಯಾರ ಕೈಲಾದ್ರೂ ಆಗುತ್ತೆ ಅಂದೆ. ನಾನೇ ಮಾಡಿದ ತಪ್ಪಿಗೆ ನಿಮ್ಮನ್ನು ಕ್ಷಮಿಸುವ ದೊಡ್ಡಸ್ತಿಕೆ ತೋರಿಸಿದೆ. ಸಾಲದ್ದಕ್ಕೆ ಇಲ್ಲಿ ಯಾರದೋ ಫೋನಿನಲ್ಲಿ ನೋಡಿದೆ ಎಂದು ಸುಳ್ಳು ಹೇಳಿ, ಆ ನಾಲ್ಕು ಸರ್ವ್‌ಗಳನ್ನು ನಿಮಗೆ ಬಣ್ಣಿಸಿದೆ. ನೀನಾದ್ರೂ ನೋಡಿದ್ಯಲ್ಲ, ಅಷ್ಟು ಸಾಕು ಅಂದಿರಿ. ಥೂ ನನ್ನ ಜನ್ಮಕ್ಕೆ ಎಂದು ನನಗೆ ನಾನೇ ಉಗಿದುಕೊಂಡದ್ದು ಎಷ್ಟು ಸಲವೋ.

ಚೆಂಡು ಬೆರಳಿನ ತುದಿಗೆ ತಾಗಿದ್ದರೂ ರೆಫ್ರಿ ಕೇಳುವ ಮೊದಲೇ ಕೈ ಎತ್ತಬೇಕು ಎಂದು ಅಪ್ಪ ನಮಗೆ ಅಂಗಳದಲ್ಲಿ ಆಡಿಸುವಾಗಲೇ ಕಲಿಸಿದ್ದರು. ಮನೆಯಲ್ಲಿ ಅದನ್ನು ಪಾಲಿಸುವುದು ನಾನೊಬ್ಬಳೇ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಆ ಹೆಸರು ಹೋದೀತೆಂದು ಹೆದರಿದೆ. ನಾಲ್ಕು ದಿನ ನಿಮ್ಮನ್ನು ಅಪರಾಧಿಯಾಗಿ ನಿಲ್ಲಿಸಿ ನಾನು ಒಳ್ಳೆಯವಳಾಗಿಯೇ ಉಳಿದೆ.

ಈ ಭಾನುವಾರ ಫೈನಲ್. ಟಿವಿ ಹಚ್ಚಿದ ಮೇಲೆ ಹಾಲ್‌ಗೆ ಕಾಲಿಡಲ್ಲ, ಅಡುಗೆಮನೆಯಲ್ಲೇ ಇರ್ತೀನಿ ಅಂದಿರಂತೆ, ಅಣ್ಣ ಹೇಳಿದ. ದಯವಿಟ್ಟು ಹಾಗೆ ಮಾಡಬೇಡಿ. ನನ್ನ ಫೋನಿನಿಂದ ಎರಡೂ ಆಪ್ ತೆಗೆದುಹಾಕಿದ್ದೇನೆ. ಖಾತೆಗೆ ನಿಮ್ಮ ನಂಬರ್ ಕೊಟ್ಟಿದ್ದೇನೆ, ಇನ್ನು ಮೇಲೆ ಕೋಡ್ ನಿಮಗೇ ಬರುತ್ತದೆ. ಈ ಕಾಗದವನ್ನು ಅಪ್ಪನ ಎದುರು, ಅಮ್ಮನನ್ನೂ ಅಣ್ಣನನ್ನೂ ಕೂರಿಸಿಕೊಂಡು, ಗಟ್ಟಿಯಾಗಿ ಓದಿ. ನಿಮಗೆ ಸಂಕೋಚವಾದರೆ ಅಣ್ಣ ಓದಲಿ. ಅಪ್ಪ ಬೀರು ತೆಗೆದು ರಿಮೋಟನ್ನು ಎಲ್ಲರೆದುರು ನಿಮ್ಮ ಕೈಗೆ ಕೊಡಬೇಕು. ಫೈನಲ್ ನಾನು ನೋಡುವುದಿಲ್ಲ. ನೀವು ಹೇಳಿದರೆ ಕೇಳುತ್ತೇನೆ, ಹೇಳಲು ಮನಸ್ಸಾಗದಿದ್ದರೂ ಸರಿ.

ನಿಮ್ಮ ಮುಖ ನೋಡಲು ನಾಚಿಕೆಪಡುತ್ತಿರುವ ನಾದಿನಿ,
ಸ್ಪ್ಯಾನರ್

ತಾಜಾಕಲಂ: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ಎರಡು ಕಡೆ ಸುಳ್ಳು ಬರೆದಿದ್ದೇನೆ. ಅಣ್ಣನ ಫೋನ್ ಎಂದು ನಾನು ಅಂದುಕೊಂಡಿರಲಿಲ್ಲ. ನಿಲ್ಲಿಸಬೇಕಾದದ್ದು ಯಾವುದೆಂದು ಅದು ಹೆಸರು ಹಿಡಿದೇ ಕೇಳಿತ್ತು: ಹಾಲ್ ಟಿವಿ. ಐದು ನಿಮಿಷ ನೋಡಿ ಬಿಟ್ಟುಕೊಡೋಣ ಅಂದುಕೊಂಡೆ, ಬಿಡಲಾಗಲಿಲ್ಲ. ಕೋಡ್ ಬಂದದ್ದನ್ನೂ ನೋಡಿದೆ, ಮೂರು ಸಲ. ನಿಮ್ಮ ಕರೆ ಬಂದದ್ದನ್ನೂ ನೋಡಿದೆ. ಅವಳು ಮೊದಲನೇ ಸರ್ವ್‌ಗೆ ಚೆಂಡು ಹಿಡಿದು ನಿಂತಿದ್ದಳು. ನಿಮ್ಮ ಹೆಸರು ಅವಳ ಮುಖಕ್ಕೆ ಅಡ್ಡ ಬಂತು. ನಾನು ಬೆರಳಿನಿಂದ ಪಕ್ಕಕ್ಕೆ ಸರಿಸಿದೆ. ಇದನ್ನೂ ಓದಿ.